ಕೈ ಕೊಡಲ್ಲ, ಆದರೆ ಕೈ ತುಂಬಬೇಕು

ಶೇಕ್‌ಹ್ಯಾಂಡ್‌ಗೆ ಕನ್ನಡದಲ್ಲಿ ಹಸ್ತಲಾಘವ ಅನ್ನುತ್ತೇವೆ. ಲಾಘವ ಅಂದರೆ ಹಗುರ. ಈ ಪದ ಹುಟ್ಟಿಸಿದ ಪುಣ್ಯಾತ್ಮ 2025ರ ಏಷ್ಯಾ ಕಪ್ ಕ್ರಿಕೆಟ್‌ನ ಭಾರತ-ಪಾಕಿಸ್ತಾನ ಪಂದ್ಯ ನೋಡಿರಲಿಲ್ಲ, ಪಾಪ. ಮನುಷ್ಯರ ಕೈಗೆ ಅಷ್ಟು ಭಾರ ಬಂದದ್ದನ್ನು ನಾನಂತೂ ಅಲ್ಲಿಯವರೆಗೆ ಕಂಡಿರಲಿಲ್ಲ. ಟಾಸ್ ಆಯ್ತು, ಕೈ ಮೇಲೇಳಲಿಲ್ಲ. ಆಟ ಮುಗೀತು, ಆಗಲೂ ಏಳಲಿಲ್ಲ. ಬ್ಯಾಟು ಎತ್ತಿದ ಕೈ, ಸಿಕ್ಸರ್ ಎತ್ತಿದ ಕೈ, ಎದುರಿಗಿದ್ದವನ ಕೈವರೆಗೆ ಒಂದಡಿ ಚಾಚಲು ಮಾತ್ರ ಆಗಲಿಲ್ಲ. ನಮ್ಮವರು ಸೀದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅತ್ತ ಪಾಕಿಸ್ತಾನದವರು ಸುಮ್ನೆ ಇರ್ತಾರಾ? ಮ್ಯಾಚ್ ರೆಫರಿಯನ್ನೇ ಬದಲಾಯಿಸಿ ಅಂತ ಹಟ ಹಿಡಿದರು. ಯುಎಇ ಜೊತೆಗಿನ ಪಂದ್ಯ ಒಂದು ಗಂಟೆ ತಡವಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದನ್ನು ಯುಎಇ ಹುಡುಗರು ಅವತ್ತು ಕಣ್ಣಾರೆ ಕಂಡರು.

ಫೈನಲ್ ಕಥೆ ನಿಮಗೆ ಗೊತ್ತೇ ಇದೆ. ಕಪ್ ಕೊಡಲು ನಿಂತಿದ್ದವರು ಮೊಹ್ಸಿನ್ ನಖ್ವಿ. ಏಷ್ಯಾ ಕ್ರಿಕೆಟ್ ಮಂಡಳಿಗೆ ಅವರೇ ಅಧ್ಯಕ್ಷರು, ಪಾಕಿಸ್ತಾನದ ಕ್ರಿಕೆಟ್ ಮಂಡಳಿಗೂ ಅವರೇ ಅಧ್ಯಕ್ಷರು, ಆ ದೇಶದ ಗೃಹಮಂತ್ರಿಯೂ ಅವರೇ. ಒಂದು ಕುರ್ಚಿಗೆ ಮೂವರು ಕಿತ್ತಾಡುವುದನ್ನು ನೋಡಿದ್ದೇವೆ. ಮೂರು ಕುರ್ಚಿ ಮೇಲೆ ಒಬ್ಬರೇ ಕೂರುವುದಕ್ಕೆ ಯೋಗಾಭ್ಯಾಸ ಬೇಕು. ಇವರ ಕೈಯಿಂದ ಬೇಡ ಅಂತ ನಮ್ಮವರು, ನನ್ನ ಕೈಯಿಂದಲೇ ಅಂತ ಅವರು. ಗಂಟೆಗೂ ಜಾಸ್ತಿ ಹೊತ್ತು ಹೀಗೇ ನಡೆಯಿತು. ಕೊನೆಗೆ ಯಾರೋ ಬಂದು ಕಪ್ಪನ್ನೇ ಎತ್ತಿಕೊಂಡು ಹೋದರು. ಗೆದ್ದ ತಂಡ ಬರಿಗೈಯಲ್ಲಿ ಇಲ್ಲದ ಕಪ್ ಎತ್ತಿ ಕುಣಿಯಿತು. ಪಟಾಕಿಯೂ ಹಾರಿತು. ನಾನೂ ಸೋಫಾದಿಂದ ಎದ್ದು ಇಲ್ಲದ ಕಪ್ಪಿಗೆ ಇರುವ ಚಪ್ಪಾಳೆ ತಟ್ಟಿದೆ.

ಇಲ್ಲದ್ದರ ಜೊತೆ ಆಡುವುದರಲ್ಲಿ ನಾವೇ ಮೊದಲಿಗರು ಅಂತ ಬೀಗಬೇಡಿ. ಆ ದಾಖಲೆ ಚಿಲಿಯದು. 1973ರ ನವೆಂಬರ್, ಸ್ಯಾಂಟಿಯಾಗೊ. ವಿಶ್ವಕಪ್ ಫುಟ್‌ಬಾಲ್‌ಗೆ ಅರ್ಹತಾ ಪಂದ್ಯ, ಎದುರಾಳಿ ಸೋವಿಯತ್ ಒಕ್ಕೂಟ. ಎರಡು ತಿಂಗಳ ಹಿಂದಷ್ಟೇ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡು, ಅದೇ ಕ್ರೀಡಾಂಗಣದಲ್ಲಿ ಸಾವಿರಾರು ಜನರನ್ನು ಕೂಡಿಹಾಕಿತ್ತು. ಅಲ್ಲಿ ಆಡಲ್ಲ ಅಂತ ಸೋವಿಯತ್‌ನವರು ಬರಲೇ ಇಲ್ಲ. ಆದರೂ ವಿಸಿಲ್ ಊದಿದರು! ಚಿಲಿಯ ಆಟಗಾರರು ಒಬ್ಬರಿಗೊಬ್ಬರು ಪಾಸ್ ಕೊಟ್ಟುಕೊಂಡು, ಯಾರೂ ಇಲ್ಲದ ಅರ್ಧ ಮೈದಾನ ದಾಟಿ, ಗೋಲಿಯೂ ಇಲ್ಲದ ಗೋಲಿಗೆ ಚೆಂಡು ತಳ್ಳಿದರು. ಆಫ್‌ಸೈಡ್ ಕೇಳುವವರೂ ಇಲ್ಲ. ಬಂದ ಜನಕ್ಕೆ ಏನಾದರೂ ತೋರಿಸಬೇಕಲ್ಲ ಅಂತ ಆಮೇಲೆ ಬ್ರೆಜಿಲ್‌ನ ಸ್ಯಾಂಟೋಸ್ ಕ್ಲಬ್ ಜೊತೆ ಒಂದು ಪಂದ್ಯ ಆಡಿಸಿದರು. ಈ ಸಲ ಎದುರಿಗೆ ನಿಜವಾದ ಮನುಷ್ಯರಿದ್ದರು. ಚಿಲಿ 5-0 ಸೋತಿತು.

ಕೈಗೆ ಭಾರ ಬಂದದ್ದೂ ಇದೇ ಮೊದಲಲ್ಲ. 1998ರ ವಿಶ್ವಕಪ್‌ನಲ್ಲಿ ಇರಾನ್ ಮತ್ತು ಅಮೆರಿಕ ಎದುರುಬದುರಾದವು. ಪಟ್ಟಿಯಲ್ಲಿ ಎರಡನೇ ಹೆಸರಿರುವ ತಂಡವೇ ನಡೆದುಹೋಗಿ ಮೊದಲಿನವರ ಕೈ ಕುಲುಕಬೇಕು ಅನ್ನೋದು ಆಗಿನ ಫಿಫಾ ನಿಯಮ. ಎರಡನೆಯದು ಇರಾನ್. ಅಮೆರಿಕದವರ ಕಡೆಗೆ ಹೆಜ್ಜೆ ಹಾಕಬಾರದು ಅಂತ ಇರಾನ್‌ನ ಆಗಿನ ಸರ್ವೋಚ್ಚ ನಾಯಕ ಖಮೇನಿಯವರ ಅಪ್ಪಣೆ. ನಾಲ್ಕು ಹೆಜ್ಜೆ ಯಾರು ಹಾಕಬೇಕು ಅನ್ನೋದಕ್ಕೆ ಸಂಧಾನ! ಕೊನೆಗೆ ಅಮೆರಿಕದವರು ಆಯ್ತಪ್ಪಾ, ನಾವೇ ಬರ್ತೀವಿ ಅಂದರು. ಇರಾನ್ ಆಟಗಾರರು ಬಿಳಿ ಗುಲಾಬಿ ಕೊಟ್ಟರು, ಎರಡೂ ತಂಡ ಬೆರೆತು ನಿಂತು ಫೋಟೊ ತೆಗೆಸಿಕೊಂಡವು. ಇರಾನ್ 2-1ರಿಂದ ಗೆದ್ದಿತು. ನಾಲ್ಕು ಹೆಜ್ಜೆ ಹಾಕಿದ್ದಕ್ಕೆ ಅಮೆರಿಕ ಕುಗ್ಗಲೂ ಇಲ್ಲ, ಹೂವು ಕೊಟ್ಟಿದ್ದಕ್ಕೆ ಇರಾನ್ ಮುಳುಗಲೂ ಇಲ್ಲ.

ನಮ್ಮಲ್ಲಿ ಸಂಧಾನದ ತಾಪತ್ರಯವೇ ಬೇಡ ಅಂತ ಹೈಬ್ರಿಡ್ ಮಾಡೆಲ್ ತಂದಿದ್ದಾರೆ. ಏಷ್ಯಾ ಕಪ್‌ಗೆ ಆತಿಥೇಯರು ನಾವು, ಪಂದ್ಯ ನಡೆದದ್ದು ಯುಎಇಯಲ್ಲಿ. ಅದೇ ವರ್ಷ ಚಾಂಪಿಯನ್ಸ್ ಟ್ರೋಫಿಗೆ ಆತಿಥೇಯರು ಪಾಕಿಸ್ತಾನ, ಫೈನಲ್ ದುಬೈಯಲ್ಲಿ. ಮದುವೆ ಯಾರದ್ದೇ ಇರಲಿ, ಛತ್ರ ಮಾತ್ರ ಅದೇ. ಹೈಬ್ರಿಡ್ ಬೀಜದ ಗುಣವೇ ಹಾಗಲ್ವಾ? ರೋಗ ವಾಸಿಯಾಗಲ್ಲ, ಇಳುವರಿ ಜಾಸ್ತಿ.

ಸರ್ಕಾರದ ನೀತಿಯಂತೂ ಇನ್ನೂ ಸೊಗಸು. ಪಾಕಿಸ್ತಾನದ ಜೊತೆ ದ್ವಿಪಕ್ಷೀಯ ಸರಣಿ ಆಡಲ್ಲ, ಹಲವು ದೇಶಗಳ ಟೂರ್ನಿಯಲ್ಲಿ ಆಡ್ತೀವಿ. ಅಂದರೆ ಇಬ್ಬರೇ ಇದ್ದಾಗ ಮುಖ ನೋಡಬಾರದು, ಪಕ್ಕದಲ್ಲಿ ಒಮಾನ್ ಇದ್ದರೆ ನೋಡಬಹುದು. ಕೊನೆಯ ಟೆಸ್ಟ್ ಆಡಿದ್ದು 2007ರಲ್ಲಿ, ಕೊನೆಯ ದ್ವಿಪಕ್ಷೀಯ ಸರಣಿ 2012-13ರಲ್ಲಿ. ಇಷ್ಟು ಕಡು ವೈರಿಗಳು ಗುಂಪು ಹಂಚುವಾಗ ಮಾತ್ರ ಒಂದೇ ಗುಂಪಿಗೆ ಬಂದು ಬೀಳುತ್ತಾರೆ. ಈಚಿನ ವರ್ಷಗಳಲ್ಲಂತೂ ಪ್ರತಿ ಸಲ! ಅದೃಷ್ಟ ಅಂದರೆ ಇದು. ಹಸ್ತಲಾಘವಕ್ಕೆ ಕೈಚಳಕ ಅನ್ನೋ ಅರ್ಥವೂ ಇದೆ ಅಂತ ಆಗ ನೆನಪಾಗುತ್ತದೆ. ಆಟಗಾರರು ಮಾಡದ ಹಸ್ತಲಾಘವವನ್ನು ವೇಳಾಪಟ್ಟಿ ಬರೆಯುವವರು ಮಾಡಿ ಮುಗಿಸಿರುತ್ತಾರೆ. ಏಷ್ಯಾ ಕಪ್‌ನಲ್ಲಿ ಸೆಪ್ಟೆಂಬರ್ 14, 21, 28. ಮೂರು ಪಂದ್ಯ, ಮೂರೂ ಭಾನುವಾರ.

1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್‌ಗೆ ಬಂದಿತ್ತು. ಅಮೃತರಾಜ್ ಸಹೋದರರ ಕಾಲ. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ದೇಶದ ಜೊತೆ ಆಡಲ್ಲ ಅಂತ ಭಾರತ ಹೇಳಿತು. ಆಡಲೂ ಇಲ್ಲ. ಕಪ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ನಮಗೆ ಆ ಕಪ್ ಇವತ್ತಿಗೂ ಸಿಕ್ಕಿಲ್ಲ. ಆಟಗಾರರ ಹೊಟ್ಟೆ ಎಷ್ಟು ಉರಿದಿರಬೇಡ! ಆದರೆ ಅಲ್ಲಿ ಕೊಟ್ಟದ್ದು ಕಾಣುತ್ತದೆ, ಕಳೆದುಕೊಂಡದ್ದು ಕಾಣುತ್ತದೆ. ಕೈ ಕುಲುಕದೇ ಇರೋದಕ್ಕೆ ಏನು ಖರ್ಚು ಹೇಳಿ?

2019ರಲ್ಲಿ ಉತ್ತರ, ದಕ್ಷಿಣ ಕೊರಿಯಾಗಳು ಪ್ಯೊಂಗ್ಯಾಂಗ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ ಆಡಿದವು. ಪ್ರೇಕ್ಷಕರಿಲ್ಲ. ಟಿವಿಯಲ್ಲಿ ನೇರ ಪ್ರಸಾರ ಇಲ್ಲ. 0-0. ದ್ವೇಷ ಇದ್ದರೆ ಹೀಗಿರಬೇಕು ನೋಡಿ, ಶುದ್ಧ, ಕಲಬೆರಕೆ ಇಲ್ಲದ್ದು. ನಮ್ಮ ಪಂದ್ಯವನ್ನೂ ಒಮ್ಮೆ ಹಾಗೆ ಆಡಿಸಿ. ಕ್ಯಾಮೆರಾ ಬೇಡ, ಜಾಹೀರಾತು ಬೇಡ. ನಮ್ಮ ಮಂಡಳಿಗಳ ಸ್ವಾಭಿಮಾನ ಎಷ್ಟು ಓವರ್ ನಿಲ್ಲುತ್ತೆ, ನೋಡೋಣ.

ನಗು ಇಲ್ಲಿಗೆ ಸಾಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಏಷ್ಯಾ ಕಪ್ ಶುರುವಾದಾಗ ಅದಾಗಿ ಐದು ತಿಂಗಳೂ ಆಗಿರಲಿಲ್ಲ. ಅವರ ನೆನಪಿಗಾಗಿ ಕೈ ಕುಲುಕಲಿಲ್ಲ ಅನ್ನುತ್ತೀರಿ. ಅಷ್ಟು ನೋವಿದ್ದರೆ ಆಡಬೇಡಿ. ಎರಡು ಅಂಕ ಹೋಗುತ್ತೆ, ಕಪ್ ಹೋಗುತ್ತೆ, ದುಡ್ಡೂ ಹೋಗುತ್ತೆ. ಹೋಗಲಿ. ಆಡುವುದೇ ಸರಿ ಅಂದರೆ ಆಡಿ, ಎದುರಿಗಿರುವ ಇಪ್ಪತ್ತೆರಡು ವರ್ಷದ ಹುಡುಗನ ಕೈ ಕುಲುಕಿ, ಅವನೇನು ಬಂದೂಕು ಹಿಡಿದು ಬಂದವನಲ್ಲ. ಎರಡೂ ಬೇಡ, ದುಡ್ಡು ಮಾತ್ರ ಬೇಕು ಅನ್ನುವಾಗ ಸತ್ತವರ ಹೆಸರು ಯಾಕೆ ತೆಗೀತೀರಿ? ಅವರ ಮನೆಯವರು ಆ ರಾತ್ರಿ ಟಿವಿ ಹಾಕಿದ್ದರೆ ಓವರ್ ಓವರಿನ ನಡುವೆ ಏನು ಬರುತ್ತಿತ್ತು ಅಂತ ನಿಮಗೆ ಗೊತ್ತಲ್ಲ.

ಹೋಗಲಿ ಬಿಡಿ. ಮುಂದಿನ ಟೂರ್ನಿ ಎಲ್ಲೇ ಇರಲಿ, ಯಾವ ಗುಂಪಿನಲ್ಲಿ ಯಾರಿದ್ದಾರೆ ಅಂತ ಹುಡುಕಾಡಬೇಡಿ. ಅದು ಗೊತ್ತಿರುವ ವಿಷಯ. ತಾರೀಖು ಬಂದ ಕೂಡಲೇ ಭಾನುವಾರ ಯಾವುದು ಅಂತ ನೋಡಿಕೊಂಡರೆ ಸಾಕು.