ಈಜುಕೊಳಕ್ಕೆ ಇಳಿಯಲ್ಲ ಅಂದ್ರೆ ಫೀಸ್ ತಪ್ಪಲ್ಲ

ಸ್ಪೇನಿನ ಆಂಡಲೂಸಿಯಾ ಹಳ್ಳಿ ಕಡೆ ಲೇಔಟಲ್ಲಿ ಮನೆ ತಗೊಂಡೋರು "ನಾವು ಈಜುಕೊಳಕ್ಕೆ ಇಳಿಯೋದೇ ಇಲ್ಲ, ಮೇಂಟೆನೆನ್ಸ್ ಯಾಕೆ ಕೊಡ್ಬೇಕು" ಅಂತ ಜಗಳ ಆಡ್ತಿರೋದು ಒಂದು ಲೇಖನದಲ್ಲಿ ಓದ್ದೆ. ಪಾಪ ಅನ್ಸುತ್ತೆ, ಆದ್ರೆ ಸ್ಪೇನಲ್ಲಿ ಈ ವಾದ ನಿಲ್ಲಲ್ಲ. ಅಲ್ಲಿನ 1960ರ ಪ್ರೊಪಿಯೆದಾದ್ ಒರಿಸೊಂತಾಲ್ ಕಾಯ್ದೆ (ಹಂಚ್ಕೊಂಡಿರೋ ಆಸ್ತಿ, ಅದರ ಖರ್ಚಿನ ಕಾನೂನು) ಬರೀ ಫ್ಲ್ಯಾಟಿಗಲ್ಲ, ರಸ್ತೆ ಬೀದಿದೀಪ ಹಂಚ್ಕೊಂಡಿರೋ ಬಿಡಿ ಮನೆಗಳ ಲೇಔಟಿಗೂ 24ನೇ ಕಲಂ ಪ್ರಕಾರ ಅನ್ವಯ ಆಗುತ್ತೆ, ಬಳಸ್ಲಿಲ್ಲ ಅಂದ ಮಾತ್ರಕ್ಕೆ ಮಾಫಿ ಇಲ್ಲ. ಸಿಟ್ಟಲ್ಲಿ ಕಟ್ಟೋದು ನಿಲ್ಸಿದ್ರೆ ಇನ್ನೂ ಕಷ್ಟ, ಬಾಕಿ ಇರೋರು ಸಭೆಲಿ ಕೂತು ಮಾತಾಡ್ಬೋದು ಅಷ್ಟೇ, ವೋಟ್ ಇಲ್ಲ, ತೀರ್ಮಾನನ ಕೋರ್ಟಲ್ಲಿ ಪ್ರಶ್ನೆ ಮಾಡ್ಬೇಕಂದ್ರೂ ಮೊದಲು ಬಾಕಿ ಕಟ್ಟಿರ್ಬೇಕು, ಇಲ್ಲಾ ಕೋರ್ಟಲ್ಲಿ ಠೇವಣಿ ಇಟ್ಟಿರ್ಬೇಕು. ಖರ್ಚಲ್ಲಿ ಯಾವ ಮನೆಗೆ ಎಷ್ಟು ಪಾಲು ಅನ್ನೋ ಲೆಕ್ಕನೇ ತಪ್ಪು ಅನ್ನೋ ಕೇಸಿಗೆ ಮಾತ್ರ ಈ ಷರತ್ತಿಂದ ವಿನಾಯ್ತಿ.

ಲೇಖನದಲ್ಲಿ ಬಿಟ್ಟೋಗಿರೋದು ಇನ್ನೊಂದಿದೆ, ಹಳೇ ಓನರ್ ಉಳಿಸಿರೋ ಬಾಕಿ. ಕೊಂಡ ವರ್ಷದ್ದು, ಅದರ ಹಿಂದಿನ 3 ವರ್ಷದ್ದು ಮನೆ ಮೇಲೇ ಬರುತ್ತೆ. ನೋಟರಿ ಹತ್ರ ಮಾರೋರು ಬಾಕಿ ಸರ್ಟಿಫಿಕೇಟ್ ಕೊಡ್ಬೇಕು, ಕೊಳ್ಳೋರು ಬೇಡ ಅಂದ್ರೆ ಕೊಡ್ಬೇಕಾಗಿಲ್ಲ, ಅಲ್ಲೇ ಎಡವ್ತಾರೆ.

ಆದ್ರೆ ಒಂದು ದೂರು ಮಾತ್ರ ನೂರಕ್ಕೆ ನೂರು ನ್ಯಾಯ. ಎಷ್ಟೋ ಲೇಔಟ್‌ಗಳನ್ನ ಪುರಸಭೆ ಇನ್ನೂ ವಶಕ್ಕೇ ತಗೊಂಡಿಲ್ಲ, ಮನೆ ತೆರಿಗೆ ಮಾತ್ರ ಬಿಡದೆ ವಸೂಲಿ ಮಾಡುತ್ತೆ, ರಸ್ತೆ ಗುಂಡಿ ಮುಚ್ಚೋಕೆ ಮತ್ತೆ ಇವರೇ ಜೇಬಿಂದ ಹಾಕ್ಬೇಕು. ಜಗಳ ಆಡೋದಾದ್ರೆ ಪಕ್ಕದ ಮನೆಯೋರ ಜೊತೆ ಅಲ್ಲ, ಪುರಸಭೆಗೆ ಹೋಗಿ ಆಡ್ಲಿ.