ಶಾಲೆಯ ಕೀಲಿಕೈ ಯಾರ ಹತ್ತಿರ ಇದೆ?

2019ರಲ್ಲಿ ಮೂರೇ ತಿಂಗಳ ಅಂತರದಲ್ಲಿ ಎರಡು ವಿಪತ್ತುಗಳು ನನ್ನವರನ್ನು ಮುಟ್ಟಿದವು. ಮೇ 3ರಂದು ಫನಿ ಚಂಡಮಾರುತ ಪುರಿಯ ಬಳಿ ದಡಕ್ಕೆ ಅಪ್ಪಳಿಸಿದಾಗ ನಾನು ಭುವನೇಶ್ವರದಲ್ಲಿ, ಬಾಗಿಲಿಗೆ ಮಂಚ ಅಡ್ಡಕೊಟ್ಟು ಕುಳಿತಿದ್ದೆ. ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ತಾಲ್ಲೂಕಿನ ನಮ್ಮೂರಿಗೆ ನುಗ್ಗಿದಾಗಲೂ ಇಲ್ಲಿಯೇ ಇದ್ದೆ. ಅಣ್ಣನ ಫೋನ್ ಹತ್ತುತ್ತದೆಯೇ ಎಂದು ರಾತ್ರಿಯಿಡೀ ಪ್ರಯತ್ನಿಸುತ್ತಿದ್ದೆ. ಅಂದಿನಿಂದ ಈ ಎರಡು ನಾಡುಗಳ ರೀತಿಯನ್ನು ಹೋಲಿಸದೆ ಒಂದು ಮಳೆಗಾಲವನ್ನೂ ಕಳೆದಿಲ್ಲ.

ಫನಿ ಬರುವ ಎರಡು ದಿನ ಮೊದಲು ನಮ್ಮ ಕಚೇರಿಯ ಗೆಳೆಯನೊಬ್ಬ ಕರಾವಳಿಯ ತನ್ನ ಹಳ್ಳಿಗೆ ಫೋನ್ ಮಾಡಿ, ತಾಯಿಯನ್ನು ಕರೆತರಲು ಬರುತ್ತೇನೆ ಎಂದ. ಆಕೆ ಒಪ್ಪಲಿಲ್ಲ. ತನ್ನ ಬೀದಿಯ ಇಬ್ಬರು ಮುದುಕಿಯರನ್ನು ಆಶ್ರಯ ಕಟ್ಟಡಕ್ಕೆ ಸೇರಿಸುವುದು ತನ್ನ ಪಾಲಿನ ಕೆಲಸ, ಬಿಟ್ಟು ಬರಲಾಗದು ಎಂದಳು. ಆ ಕೆಲಸವನ್ನು ಆ ದಿನ ಯಾರೂ ಹೇಳಿದ್ದಲ್ಲ. ಊರಿನ ಸಮಿತಿ ಅದನ್ನು ಎಂದೋ ಹಂಚಿಯಾಗಿತ್ತು. ಎಚ್ಚರಿಕೆ ಸಾರುವವರು, ಜನರನ್ನು ಕರೆತರುವವರು, ಪ್ರಥಮ ಚಿಕಿತ್ಸೆ ನೋಡುವವರು, ಆಶ್ರಯ ಕಟ್ಟಡ ನಡೆಸುವವರು ಎಂದು ತಂಡಗಳಿದ್ದವು. ಗೆಳೆಯನ ತಂಗಿ ಪ್ರಥಮ ಚಿಕಿತ್ಸೆಯ ತಂಡದಲ್ಲಿದ್ದಳು. ಅವಲಕ್ಕಿ, ಬೆಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಪತ್ರ ಹಿಡಿದು ಆ ಬೀದಿ ಸಂಜೆಯೊಳಗೆ ಖಾಲಿಯಾಯಿತು. ಒಡಿಶಾ ಸರ್ಕಾರ ಆ ಸಲ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿತು. ಆ ದೊಡ್ಡ ಸಂಖ್ಯೆ ಇಂಥ ಬೀದಿಗಳ ಮೊತ್ತ ಎಂಬುದು ನನಗೆ ಆಗ ಅರ್ಥವಾಯಿತು.

ನಮ್ಮೂರಿನಲ್ಲಿ ಆದದ್ದೇನು? ಹಿಡಕಲ್ ಜಲಾಶಯದಿಂದ ನೀರು ಬಿಡುವ ಸುದ್ದಿ ಅಣ್ಣನ ಮೊಬೈಲಿಗೆ ಮೊದಲೇ ಬಂದಿತ್ತು. ಊರಿಗೆ ಊರೇ ಅದನ್ನು ಓದಿತ್ತು. ಆದರೆ ಮುಂದೇನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎತ್ತರದಲ್ಲಿದ್ದ ಶಾಲೆಗೆ ಬೀಗ. ಕೀಲಿಕೈ ಇದ್ದವರು ಬೇರೆ ಊರಿನಲ್ಲಿದ್ದರು. ಅದು ಬರುವಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಮೊಣಕಾಲುದ್ದ ನೀರು. ಪಕ್ಕದ ಮನೆಯ ಎರಡು ಎಮ್ಮೆಗಳು ಕೊಟ್ಟಿಗೆಯಲ್ಲಿ ಕಟ್ಟಿದಲ್ಲಿಯೇ ಸತ್ತವು. ಹಗ್ಗ ಬಿಚ್ಚಿದ್ದರೆ ಈಜಿ ದಡ ಸೇರುತ್ತಿದ್ದವು ಎಂದು ಅಣ್ಣ ಇಂದಿಗೂ ಹೇಳುತ್ತಾನೆ.

ಆಮೇಲೆ ನಡೆದದ್ದನ್ನು ನೆನೆದರೆ ಎದೆ ತುಂಬುತ್ತದೆ. ಕಾಳಜಿ ಕೇಂದ್ರ ತೆರೆಯಿತು. ಎಲ್ಲಿಂದಲೋ ಬಂದ ಜನ ಗಂಟುಗಟ್ಟಲೆ ರೊಟ್ಟಿ, ಚಟ್ನಿಪುಡಿ, ಹೊದಿಕೆ ಇಳಿಸಿ, ಹೆಸರು ಕೂಡ ಹೇಳದೆ ಹೋದರು. ನೆರೆ ಬಂದ ಮೇಲೆ ನಮ್ಮವರಷ್ಟು ಕೈಬಿಚ್ಚಿ ಕೊಡುವವರನ್ನು ನಾನು ಕಂಡಿಲ್ಲ. ಆದರೆ ಆ ಕಾಳಜಿಗೆ ನೀರು ಬಂದ ಮೇಲೆಯೇ ಬಾಗಿಲು ತೆರೆಯುತ್ತದೆ. ನನ್ನ ತಕರಾರು ಇದೊಂದೇ.

ಒಡಿಯಾ ಜನ ಹುಟ್ಟಿನಿಂದಲೇ ಹೀಗಿದ್ದವರಲ್ಲ. 1999ರ ಅಕ್ಟೋಬರ್ 29ರ ಚಂಡಮಾರುತವನ್ನು ಇಲ್ಲಿ ‘ಮಹಾಬಾತ್ಯಾ’ ಎನ್ನುತ್ತಾರೆ. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾದ ಹೆಸರು ಎತ್ತಿದರೆ ಇಂದಿಗೂ ಹಿರಿಯರು ಮೌನವಾಗುತ್ತಾರೆ. ಸರ್ಕಾರಿ ಲೆಕ್ಕದಲ್ಲಿಯೇ ಸತ್ತವರು ಹತ್ತು ಸಾವಿರದ ಹತ್ತಿರ. ಚಂಡಮಾರುತ ಬರುತ್ತದೆ ಎಂಬ ಸೂಚನೆ ಆಗಲೂ ಇತ್ತು. ಓಡಿ ಹೋಗಿ ನಿಲ್ಲಲು ಗಟ್ಟಿ ನೆಲೆ ಇರಲಿಲ್ಲ. ಅದೇ ವರ್ಷ ರಾಜ್ಯ ತನ್ನದೇ ವಿಪತ್ತು ಪ್ರಾಧಿಕಾರ ಕಟ್ಟಿಕೊಂಡಿತು. ದೇಶದ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಈಗ ಕರಾವಳಿಯುದ್ದಕ್ಕೂ ಎಂಟುನೂರಕ್ಕೂ ಹೆಚ್ಚು ಆಶ್ರಯ ಕಟ್ಟಡಗಳಿವೆ. ಕಂಬಗಳ ಮೇಲೆ ನಿಂತ, ಕೆಳಗೆ ಬಯಲಾದ ಕಟ್ಟಡಗಳು. ನನಗೆ ಅವುಗಳಲ್ಲಿ ಮೆಚ್ಚುಗೆಯಾದದ್ದು ಸಿಮೆಂಟಲ್ಲ. ಅಲ್ಲಿ ಉಳಿದ ದಿನಗಳಲ್ಲಿ ಮಕ್ಕಳು ಓದುತ್ತಾರೆ, ಸಭೆ ಸೇರುತ್ತದೆ, ಮದುವೆ ನಡೆಯುತ್ತದೆ. ದಿನವೂ ತೆರೆಯುವ ಬಾಗಿಲಿನ ಬೀಗ ತುಕ್ಕು ಹಿಡಿಯುವುದಿಲ್ಲ, ಕೀಲಿ ಎಲ್ಲಿದೆ ಎಂದು ಹುಡುಕಬೇಕಾಗಿಯೂ ಇಲ್ಲ. ಮಳೆಗಾಲದ ಹೊತ್ತಿಗೆ ಅಣಕು ಕಾರ್ಯಾಚರಣೆಯೂ ನಡೆಯುತ್ತದೆ.

ಇದನ್ನು ಹೇಳಿದಾಗ ಊರಿನ ಗೆಳೆಯರು ಒಂದು ಮಾತು ಎತ್ತುತ್ತಾರೆ: ಚಂಡಮಾರುತ ನಾಲ್ಕು ದಿನ ಮೊದಲೇ ಹೇಳಿ ಬರುತ್ತದೆ, ಗುಡ್ಡ ಹೇಳಿ ಕುಸಿಯುವುದಿಲ್ಲ. ನ್ಯಾಯವಾದ ಮಾತು. 2018ರ ಆಗಸ್ಟ್‌ನ ಕೊಡಗು, 2024ರ ಜುಲೈ 16ರ ಶಿರೂರು ಕಣ್ಣ ಮುಂದಿವೆ. ಆದರೂ ಗುಡ್ಡ ಪೂರ್ತಿ ಮೌನವಾಗಿರುವುದು ಅಪರೂಪ. ಅಂಗಳದಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ, ಎಂದೂ ಇಲ್ಲದಲ್ಲಿ ಜಿನುಗುವ ನೀರು: ಇವನ್ನು ಮೊದಲು ಕಾಣುವವರು ಅಲ್ಲಿ ಬದುಕುವವರೇ. ಕಂಡದ್ದನ್ನು ಯಾರಿಗೆ ಹೇಳಬೇಕು, ಆ ರಾತ್ರಿ ಯಾರ ಮನೆಯಲ್ಲಿ ಮಲಗಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದವರಿಗಂತೂ ಈ ನೆಪ ಸಲ್ಲದು. ಜಲಾಶಯದ ನೀರು ಊರು ಮುಟ್ಟಲು ಗಂಟೆಗಳು ಬೇಕು. ಮಾಹಿತಿಯಲ್ಲಿ ಕರ್ನಾಟಕ ಹಿಂದುಳಿದಿಲ್ಲ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಮೊಬೈಲಿಗೆ ಬಂದ ಸಂದೇಶ ಹಾಸಿಗೆ ಹಿಡಿದ ಅಜ್ಜನ ಮಂಚದವರೆಗೆ ಹೋಗುವ ಕೊನೆಯ ನೂರು ಹೆಜ್ಜೆ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಒಡಿಶಾವನ್ನು ಹೊಗಳಿ ಸುಮ್ಮನಾಗಲಾರೆ. ಫನಿಯಲ್ಲಿ ಇಲ್ಲಿಯೂ 64 ಜನ ತೀರಿಕೊಂಡರು. ಹುಲ್ಲಿನ ಮನೆಗಳು, ತೆಂಗಿನ ತೋಟಗಳು ನೆಲಕ್ಕೊರಗಿದವು. ನಮ್ಮ ಬಡಾವಣೆಗೆ ವಿದ್ಯುತ್ ಬಂದದ್ದು ಒಂಬತ್ತನೆಯ ದಿನ. ಮೇ ತಿಂಗಳ ಆ ಸೆಖೆಯಲ್ಲಿ ನೀರಿಗಾಗಿ ಮೂರು ಮಹಡಿ ಕೊಡ ಹೊತ್ತಿದ್ದೇನೆ. ಜೀವ ಉಳಿಸುವುದನ್ನು ಅವರು ಕಲಿತಷ್ಟು ಬದುಕನ್ನು ಮತ್ತೆ ಕಟ್ಟಿಕೊಡುವುದನ್ನು ಇನ್ನೂ ಕಲಿತಿಲ್ಲ. ಕಂಬದ ಮೇಲಿನ ಕಟ್ಟಡ ಮಲೆನಾಡಿಗೆ ಹೊಂದುವುದೂ ಇಲ್ಲ. ನಾನು ಊರಿಗೆ ಒಯ್ಯಬೇಕೆಂದಿರುವುದು ಆ ತಾಯಿಯ ಒಂದು ಮಾತನ್ನು ಮಾತ್ರ: ಇದು ನನ್ನ ಪಾಲಿನ ಕೆಲಸ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣ ಮತ್ತು ನಾಲ್ಕು ಹುಡುಗರ ಜೊತೆ ಕುಳಿತು ನಮ್ಮ ಓಣಿಯ ಇಪ್ಪತ್ಮೂರು ಮನೆಗಳ ಪಟ್ಟಿ ಮಾಡಿದೆವು. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ದಿನವೂ ಇನ್ಸುಲಿನ್, ಯಾರ ದನ ಎಲ್ಲಿ ಕಟ್ಟಿವೆ ಎಂದು ಬರೆದೆವು. ನೀರು ಬಿಡುವ ಸುದ್ದಿ ಬಂದರೆ ಮೊದಲು ಹಗ್ಗ ಬಿಚ್ಚುವವರು ಯಾರು ಎಂಬುದಕ್ಕೆ ಇಬ್ಬರು ತಾವಾಗಿಯೇ ಹೆಸರು ಕೊಟ್ಟರು. ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕವನ್ನು ಒಂದೇ ಚೀಲದಲ್ಲಿಟ್ಟು ಅಟ್ಟದ ಮೊಳೆಗೆ ತೂಗುಹಾಕಲು ಹೆಂಗಸರು ಕೂಡಲೇ ಒಪ್ಪಿದರು. ಶಾಲೆಯ ಇನ್ನೊಂದು ಕೀಲಿಕೈಯನ್ನು ಎದುರು ಮನೆಯಲ್ಲಿಡಲು ಮುಖ್ಯ ಶಿಕ್ಷಕರು ಅನುಮತಿ ಕೊಟ್ಟಿದ್ದಾರೆ. ಕೊನೆಯ ಮನೆಯ ಹಾಸಿಗೆ ಹಿಡಿದ ಅಜ್ಜನನ್ನು ಹೊರಲು ನಾಲ್ವರು ಬೇಕು. ಮೂವರು ಸಿಕ್ಕಿದ್ದಾರೆ. ನಾಲ್ಕನೆಯವರು ಸಿಕ್ಕರೇ ಎಂದು ಪ್ರತಿ ಭಾನುವಾರ ಅಣ್ಣನನ್ನು ಕೇಳುತ್ತಿದ್ದೇನೆ.