ಮೊದಲ ಸಾಲಿನ ಸೋಫಾ

ಜಾತ್ರೆಯಲ್ಲಿ ನಾಟಕ ಕಂಪನಿ ಕ್ಯಾಂಪ್ ಹಾಕಬೇಕೆಂದರೆ ಮೊದಲು ನೆಡಬೇಕಾದದ್ದು ಕಂಬವಲ್ಲ, ಅರ್ಜಿ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯನ್ನೇ ತಗೊಳ್ಳಿ. ಬನದ ಹುಣ್ಣಿಮೆಗೆ ತೇರು ಎಳೆದರೆ ಮುಂದೆ ಸುಮಾರು ಒಂದು ತಿಂಗಳು ಅಲ್ಲಿ ನಾಟಕದ ಸುಗ್ಗಿ. ಲಾರಿಯಿಂದ ಗಳ, ತಗಡು, ಪರದೆ, ಖುರ್ಚಿ ಇಳಿಸಿ, ಗುಂಡಿ ತೋಡಿ, ಕೆಲವೇ ದಿನದಲ್ಲಿ ಥಿಯೇಟರ್ ಎಬ್ಬಿಸುತ್ತಾರೆ. ಫೈಲು ಎಬ್ಬಿಸುವುದು ಅಷ್ಟು ಸುಲಭವಲ್ಲ. ಠಾಣೆ, ಪಂಚಾಯಿತಿ, ಅಗ್ನಿಶಾಮಕ, ಕರೆಂಟಿನ ಆಫೀಸು ಎಲ್ಲ ಸುತ್ತಬೇಕು. ‘ಕಟ್ಟಡದ ಬಾಳಿಕೆ ಎಷ್ಟು ವರ್ಷ?’ ಎಂಬ ಕಲಮಿಗೆ ಮ್ಯಾನೇಜರ್ ‘ಜಾತ್ರೆ ಮುಗಿಯೋತನಕ’ ಎಂದು ಬರೆದರೆ ಅರ್ಜಿ ವಾಪಸ್.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಈಗಾಗಿದ್ದರೆ ಆನೆಗೆ ಅರಣ್ಯ ಇಲಾಖೆ, ಕುದುರೆಗೆ ಪಶುವೈದ್ಯರು, ಭೀಮನ ಗದೆಗೆ ಪೊಲೀಸ್ ಠಾಣೆ. ಪಾಂಡವರು ಐದು ಊರು ಬಿಟ್ಟು ಐದು ಸಹಿ ಕೇಳುತ್ತಿದ್ದರು.

ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದದ್ದು ರಂಗದ ಮೇಲಿನ ಮಾತಿಗೆ ಹೆದರಿ. ಅದು ರದ್ದಾದದ್ದು 2018ರಲ್ಲಿ. ಈಗಿನ ಸಾಹೇಬರಿಗೆ ಮಾತಿನ ಹೆದರಿಕೆ ಇಲ್ಲ, ಸೋಫಾ ಸಿಗದೇ ಹೋದೀತೆಂಬ ಒಂದೇ ಕಳವಳ. ಪ್ರತಿ ಸಹಿಗೂ ಒಂದು ಬಾಲ: “ನಮ್ಮ ಮನೀಯವ್ರು ಬರ್ತಾರ್ರೀ, ಮುಂದಿಂದು ಬಿಡ್ರಿ.” ಪಾಸಿನ ಮೇಲೆ ‘ಇಬ್ಬರಿಗೆ’ ಎಂದಿರುತ್ತದೆ. ಆ ಇಬ್ಬರ ಹಿಂದೆ ಅಕ್ಕ, ಭಾವ, ಮೂರು ಮಕ್ಕಳು, ಜೀಪಿನ ಡ್ರೈವರ್. ಐದು ಪಾಸು ಹರಿದರೆ ನಲವತ್ತು ಜನ. ಮೊದಲ ಸಾಲು ತುಂಬಿ, ದುಡ್ಡು ಕೊಟ್ಟವನ ಖುರ್ಚಿ ಹಿಂದಕ್ಕೆ ಸರಿಯುತ್ತದೆ.

ಬರುವುದಾದರೂ ಹೊತ್ತಿಗೆ ಸರಿಯಾಗಿಯೇ? ಗಂಡನ ಹೆಣದ ಮುಂದೆ ನಾಯಕಿ, ಮೇಲಿಂದ ತೂಗುಬಿಟ್ಟ ನಡುವಿನ ಮೈಕಿನಡಿ ನಿಂತು ಅಳು ಏರಿಸುತ್ತಿರುವಾಗಲೇ ಗೇಟಿನಲ್ಲಿ ಜೀಪಿನ ಲೈಟು. ರಂಗದ ಪಕ್ಕದ ವಿಂಗಿನಿಂದ ಸನ್ನೆ ಬರುತ್ತದೆ. ಅಳು ಅರ್ಧಕ್ಕೇ ನಿಲ್ಲುತ್ತದೆ. ರಸ್ತೆ ಸೀನಿನ ಪರದೆ ಇಳಿಸಿ ಹಾಸ್ಯ ಕಲಾವಿದನನ್ನು ಮುಂದೆ ನೂಕುತ್ತಾರೆ. ಹಾರ್ಮೋನಿಯಂನ ಪೇಟಿ ಮಾಸ್ತರರು ಸ್ವರ ಹಿಡಿದು, ಅವನ ಬಾಯಿಂದ ಏನು ಉದುರಿದರೂ ಅದಕ್ಕೊಂದು ಬಾರಿಸುತ್ತಾರೆ. ಮಕ್ಕಳ ಕೈಗೆ ಗಿರಮಿಟ್ಟು ಬಂದು, ಸೋಫಾ ಎಲ್ಲ ಸುಮ್ಮನಾದ ಮೇಲೆ ಪರದೆ ಎತ್ತುತ್ತಾರೆ. ಸತ್ತ ಗಂಡ ಎದ್ದು ಇನ್ನೊಮ್ಮೆ ಸಾಯುತ್ತಾನೆ. ಡಬಲ್ ಪಾರ್ಟು ಮಾಡಿದರೂ ಡಬಲ್ ಪಗಾರವೇನಿಲ್ಲ.

ಇದರ ನಡುವೆ ಅಕಾಲದ ಮಳೆ ಬಂದರೆ ಮುಗಿಯಿತು. ತಗಡಿನ ಸಪ್ಪಳಕ್ಕೆ ಮೈಕೂ ಸೋಲುತ್ತದೆ. ಎರೆಮಣ್ಣು ನೆನೆದು ಕಂಬ ಸಡಿಲಾದರೆ ಒಂದು ಕಡೆಯ ಹಗ್ಗ ಜೋತುಬಿದ್ದು ಅರಮನೆ ಸೀನು ಸೊಟ್ಟಗೆ ನಿಲ್ಲುತ್ತದೆ, ಕೆಳಗಿನ ಸಂದಿನಲ್ಲಿ ಹಿಂದಿನ ಕಾಡು ಕಾಣುತ್ತದೆ. ಆಟ ನಿಲ್ಲಿಸಿ, ಬುಕಿಂಗಿನಲ್ಲಿ ಟಿಕೆಟ್ಟಿನ ದುಡ್ಡು ವಾಪಸ್ ಕೊಡಲೇಬೇಕು.

ಆ ಕ್ಯೂನಲ್ಲಿ ಪಾಸಿನವರೂ ನಿಂತಿರುತ್ತಾರೆ.